ಹಂದಿಗಳಲ್ಲಿ ಮಯೊಸ್ಟಾಟಿನ್ ಮಾಪನ: ಎಲೈಸಾ ಕಿಟ್‌ಗಳು

ಮಯೊಸ್ಟಾಟಿನ್ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು. ಸ್ನಾಯುಕೋಶಗಳೇ ಅದನ್ನು ತಯಾರಿಸಿ ಹೊರಗೆ ಬಿಡುತ್ತವೆ, ಅದೇ ಪ್ರೋಟೀನು ತಿರುಗಿ ಬಂದು ಸ್ನಾಯು ಇನ್ನಷ್ಟು ಬೆಳೆಯದಂತೆ ತಡೆಯುತ್ತದೆ. ಹಂದಿಯ ರಕ್ತದಲ್ಲಿ ಅಥವಾ ಅರೆದ ಸ್ನಾಯುವಿನಲ್ಲಿ ಇದು ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯಗಳು ಸಿದ್ಧ ಪರೀಕ್ಷಾ ಕಿಟ್‌ಗಳನ್ನು ಬಳಸುತ್ತವೆ. ಇವುಗಳಲ್ಲಿ ಬಹುಪಾಲು, ಪ್ರತಿಕಾಯದಿಂದ ಪ್ರೋಟೀನನ್ನು ಹಿಡಿದು ಕಿಣ್ವ ಕೊಡುವ ಬಣ್ಣದಿಂದ ಅಳೆಯುವ ಎಲೈಸಾ ವಿಧಾನದವು. ಮಾಂಸದ ತಳಿಗಳನ್ನು ಅಭ್ಯಸಿಸುವ ಪಶುವಿಜ್ಞಾನಿಗಳು, ಜೀನ್ ತಿದ್ದಿದ ಹಂದಿಗಳನ್ನು ಪರಿಶೀಲಿಸುವವರು, ಹಂದಿಯನ್ನು ಮನುಷ್ಯ ದೇಹದ ಮಾದರಿಯಾಗಿ ಬಳಸುವ ವೈದ್ಯಕೀಯ ಸಂಶೋಧಕರು ಇವುಗಳ ಗ್ರಾಹಕರು. ಹಂದಿ ಸಾಕುವವರ ಕೈಗೆ ಈ ಪೆಟ್ಟಿಗೆ ಬರುವುದು ಅಪರೂಪ. ಅದರ ಮೇಲೆ ಸಾಮಾನ್ಯವಾಗಿ ‘ಸಂಶೋಧನೆಗೆ ಮಾತ್ರ’ ಎಂಬ ಮುದ್ರೆ ಇರುತ್ತದೆ.

ಎಲೈಸಾ ಅರ್ಧ ಶತಮಾನದಿಂದ ಪಳಗಿದ ವಿಧಾನ. ತೊಡಕು ಇರುವುದು ಅಳತೆಗೆ ಒಳಗಾಗುವ ವಸ್ತುವಿನಲ್ಲಿ. ಮಯೊಸ್ಟಾಟಿನ್ ರಕ್ತದಲ್ಲಿ ಒಂದೇ ರೂಪದಲ್ಲಿರುವುದಿಲ್ಲ, ಬಹುಪಾಲು ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ತನ್ನನ್ನೇ ಹೋಲುವ ಇನ್ನೊಂದು ಪ್ರೋಟೀನಿನ ಜೊತೆಗೆ ಹರಿಯುತ್ತದೆ. ಹೀಗಾಗಿ ಒಂದೇ ಹಂದಿಯ ಒಂದೇ ರಕ್ತಕ್ಕೆ ಎರಡು ಕಿಟ್‌ಗಳು ಎರಡು ಉತ್ತರ ಕೊಡಬಹುದು, ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೂ ಆಗಿರಬಹುದು.

ಪ್ರೋಟೀನಿನ ಹಿನ್ನೆಲೆ

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ 1997ರಲ್ಲಿ ಈ ಪ್ರೋಟೀನನ್ನು ವರ್ಣಿಸಿದರು. ಇದರ ಇನ್ನೊಂದು ಹೆಸರು ಜಿಡಿಎಫ್-8. ಈ ಜೀನನ್ನು ತೆಗೆದುಹಾಕಿದ ಇಲಿಗಳ ಒಂದೊಂದು ಸ್ನಾಯುವೂ ಸಾಮಾನ್ಯ ಇಲಿಯ ಸ್ನಾಯುವಿನ ಎರಡರಿಂದ ಮೂರು ಪಟ್ಟು ತೂಗಿತು. ದನ ಸಾಕುವವರು ತಲೆಮಾರುಗಳಿಂದ ಕಂಡಿದ್ದ ಒಂದು ಸಂಗತಿಗೂ ಅದೇ ವರ್ಷ ಕಾರಣ ಸಿಕ್ಕಿತು. ತೊಡೆ, ಹೆಗಲು ಉಬ್ಬಿಕೊಂಡು ‘ಇಮ್ಮಡಿ ಸ್ನಾಯು’ ಎನಿಸಿಕೊಂಡ ಬೆಲ್ಜಿಯನ್ ಬ್ಲೂ ದನಗಳಲ್ಲಿ ಈ ಜೀನಿನಿಂದ ಡಿಎನ್‌ಎಯ 11 ಅಕ್ಷರಗಳು ಬಿಟ್ಟುಹೋಗಿವೆ. ಇಟಲಿಯ ಪೀಡ್‌ಮಾಂಟೀಸ್ ದನಗಳಲ್ಲಿ ಪ್ರೋಟೀನಿನಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ಇರಬೇಕಾದ ಒಂದು ಕಡೆ ಟೈರೊಸೀನ್ ಬಂದು ಕೂತಿದೆ. ನಂತರ ಪಟ್ಟಿ ಬೆಳೆಯಿತು. 2004ರಲ್ಲಿ ಜರ್ಮನಿಯ ಒಂದು ಮಗು, 2006ರಲ್ಲಿ ಟೆಕ್ಸೆಲ್ ಕುರಿ, 2007ರಲ್ಲಿ ಓಟದ ವಿಪೆಟ್ ನಾಯಿ, ಎಲ್ಲರಲ್ಲೂ ಈ ಜೀನಿನ ಒಂದಲ್ಲ ಒಂದು ದೋಷ ಪತ್ತೆಯಾಯಿತು.

ಮಾಂಸದ ತಳಿಯ ಹಂದಿಗಳನ್ನು ನೋಡಿದವರಿಗೆ ಇಲ್ಲೂ ಅದೇ ಕಥೆ ಇರಬೇಕು ಎನಿಸುವುದು ಸಹಜ. ಬೆಲ್ಜಿಯಂನ ಪೀಟ್ರೇನ್ ಹಂದಿಯ ತೊಡೆ ನೋಡಿದರೆ ಅದು ಬೆಲ್ಜಿಯನ್ ಬ್ಲೂವಿನ ನೆಂಟನೇ ಅನಿಸುತ್ತದೆ. ಆದರೆ ಆ ಮಾಂಸಲತೆಯ ಹಿಂದೆ ಮುಖ್ಯವಾಗಿ ಬೇರೆ ಜೀನುಗಳಿವೆ. ಒಂದು, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ನಾಳದ ಜೀನು. 1991ರಲ್ಲಿ ಇದರ ದೋಷ ಗೊತ್ತಾಯಿತು; ಹ್ಯಾಲೊಥೇನ್ ಅರಿವಳಿಕೆ ಕೊಟ್ಟರೆ ಮೈ ಬಿಸಿಯೇರಿ ಸಾಯುವ ಹಂದಿಗಳ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಇನ್ನೊಂದು ಐಜಿಎಫ್-2 ಎಂಬ ಬೆಳವಣಿಗೆಯ ಅಂಶದ ಜೀನು. ಅದರ ಮೂರನೇ ಇಂಟ್ರಾನಿನಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದನ್ನು 2003ರಲ್ಲಿ ಸ್ವೀಡನ್ ಮತ್ತು ಬೆಲ್ಜಿಯಂನ ತಂಡಗಳು ಗುರುತಿಸಿದವು. ಈ ಬದಲಾವಣೆ ಇದ್ದ ಹಂದಿಯ ಸ್ನಾಯುವಿನಲ್ಲಿ ಹುಟ್ಟಿದ ಮೇಲೆ ಆ ಜೀನು ಮೂರು ಪಟ್ಟು ಚುರುಕಾಗಿ ಕೆಲಸ ಮಾಡುತ್ತದೆ, ಅದೂ ತಂದೆಯಿಂದ ಬಂದ ಪ್ರತಿ ಮಾತ್ರ. ಇವೆರಡಕ್ಕೂ ಡಿಎನ್‌ಎ ಪರೀಕ್ಷೆ ಸಾಕು, ಪ್ರೋಟೀನ್ ಕಿಟ್ ಬೇಕಿಲ್ಲ.

ಹಾಗಿದ್ದರೆ ಹಂದಿಯಲ್ಲಿ ಮಯೊಸ್ಟಾಟಿನ್ ಅಳೆಯುವುದೇಕೆ? ಜೀನು ಸರಿಯಾಗಿದ್ದರೂ ಅದರ ಪ್ರಮಾಣ ಏರಿಳಿಯುತ್ತದೆ, ಆ ಏರಿಳಿತ ಮಾಂಸದ ಲೆಕ್ಕಾಚಾರಕ್ಕೆ ಮುಖ್ಯ. ಹಂದಿಯ ಗರ್ಭ ಸುಮಾರು 114 ದಿನದ್ದು. ಸ್ನಾಯುವಿನ ಎಳೆಗಳ ಸಂಖ್ಯೆ ಬಹುಮಟ್ಟಿಗೆ ತಾಯಿಯ ಹೊಟ್ಟೆಯಲ್ಲಿಯೇ ತೀರ್ಮಾನವಾಗುತ್ತದೆ. ಹುಟ್ಟಿದ ಮೇಲೆ ಇರುವ ಎಳೆಗಳು ದಪ್ಪವಾಗುತ್ತವೆ, ಹೊಸವು ಸೇರುವುದು ಕಡಿಮೆ. ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು 21 ದಿನದ ಭ್ರೂಣದಲ್ಲೇ ಮಯೊಸ್ಟಾಟಿನ್‌ನ ಆರ್‌ಎನ್‌ಎ ಕಂಡಿತು, 49ನೇ ದಿನದ ಹೊತ್ತಿಗೆ ಅದು ಬಹಳ ಹೆಚ್ಚಿತ್ತು. ಒಂದೇ ಸೂಲಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದ ಮರಿಗಳ ಬೆನ್ನಿನ ಸ್ನಾಯುವಿನಲ್ಲಿ ಒಡಹುಟ್ಟಿದ ದಪ್ಪ ಮರಿಗಳಿಗಿಂತ 65% ಹೆಚ್ಚು ಮಯೊಸ್ಟಾಟಿನ್ ಆರ್‌ಎನ್‌ಎ ಇತ್ತು. ಸೂಲಿನ ಸಣಕಲು ಮರಿ ಕೊನೆಯವರೆಗೂ ಹಿಂದುಳಿಯುವುದೇಕೆ ಎಂದು ಕೇಳುತ್ತಿದ್ದವರಿಗೆ ಇದೊಂದು ಸುಳಿವು. ಹಾಲು ಕೊಡುವ ತಾಯಿಯ ಕೆಚ್ಚಲಿನಲ್ಲೂ ಈ ಆರ್‌ಎನ್‌ಎ ಸಿಕ್ಕಿತು. ಆದರೆ ಆರ್‌ಎನ್‌ಎ ಇದ್ದ ಮಾತ್ರಕ್ಕೆ ಅಷ್ಟೇ ಪ್ರೋಟೀನು ಇರಬೇಕೆಂದಿಲ್ಲ, ಇದ್ದ ಪ್ರೋಟೀನೆಲ್ಲ ಕೆಲಸ ಮಾಡುತ್ತಿರಬೇಕೆಂದೂ ಇಲ್ಲ. ಕಿಟ್‌ಗಳ ಬೇಡಿಕೆ ಹುಟ್ಟುವುದು ಇಲ್ಲಿ.

ಇನ್ನೊಂದು ಕಾರಣ ಜೀನ್ ತಿದ್ದಿದ ಹಂದಿಗಳು. 2015ರಲ್ಲಿ ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ಮತ್ತು ಚೀನಾದ ಯಾನ್‌ಬಿಯಾನ್ ವಿಶ್ವವಿದ್ಯಾಲಯದ ಸಂಶೋಧಕರು ಟಾಲೆನ್ ಎಂಬ ಜೀನ್ ಕತ್ತರಿಯಿಂದ ಮಯೊಸ್ಟಾಟಿನ್ ಜೀನನ್ನು ಕೆಡಿಸಿ ತೊಡೆ ಉಬ್ಬಿದ ಹಂದಿಗಳನ್ನು ಪಡೆದರು. ಅದೇ ವರ್ಷ ಚೀನಾದ ಮೈಶಾನ್ ತಳಿಯಲ್ಲೂ ಇಂಥ ಪ್ರಯೋಗ ವರದಿಯಾಯಿತು. ಕೊರಿಯಾ-ಚೀನಾ ತಂಡದ 32 ತದ್ರೂಪಿ ಮರಿಗಳಲ್ಲಿ ಎಂಟು ತಿಂಗಳು ಬದುಕಿದ್ದು 13 ಮಾತ್ರ ಎಂಬ ವರದಿ ಆಗಲೇ ಬಂದಿತ್ತು. ಕಡಿವಾಣ ಕಿತ್ತರೆ ಮಾಂಸವೊಂದೇ ಹೆಚ್ಚುವುದಿಲ್ಲ. ಜೀನು ಕೆಟ್ಟಿದೆಯೇ ಎಂಬುದು ಡಿಎನ್‌ಎಯಿಂದ ತಿಳಿಯುತ್ತದೆ. ಪ್ರೋಟೀನು ಪೂರ್ತಿ ನಿಂತಿತೇ, ಅರ್ಧಕ್ಕೆ ಇಳಿಯಿತೇ ಎಂಬುದನ್ನು ಮಾತ್ರ ಪ್ರೋಟೀನು ಅಳೆದೇ ತಿಳಿಯಬೇಕು.

ಕಿಟ್ಟಿನೊಳಗೆ

ಪೆಟ್ಟಿಗೆ ತೆರೆದರೆ ಮೊದಲು ಕಾಣುವುದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಎಂಟು ಸಾಲು, ಹನ್ನೆರಡು ಕಂಬಸಾಲು, ಒಟ್ಟು 96 ಪುಟ್ಟ ಕುಳಿಗಳು. ಇಂಥ ತಟ್ಟೆಯ ಕಲ್ಪನೆ 1950ರ ದಶಕದ ಆರಂಭದಲ್ಲಿ ಹಂಗೆರಿಯ ಗ್ಯುಲಾ ತಕಾಚಿಯವರದು. ಫ್ಲೂ ಪರೀಕ್ಷೆಗೆ ಗಾಜಿನ ಕೊಳವೆಗಳು ಸಾಲದೆ ಬಂದಾಗ ಅವರು ಇದನ್ನು ಮಾಡಿಕೊಂಡರು. ತಟ್ಟೆಯ ಜೊತೆಗೆ ಗೊತ್ತಾದ ಪ್ರಮಾಣದ ಶುದ್ಧ ಮಯೊಸ್ಟಾಟಿನ್, ಎರಡನೇ ಪ್ರತಿಕಾಯ, ಕಿಣ್ವ, ಬಣ್ಣ ಕೊಡುವ ದ್ರಾವಣ, ತೊಳೆಯುವ ದ್ರಾವಣ, ಕೊನೆಗೆ ಕ್ರಿಯೆ ನಿಲ್ಲಿಸುವ ಆಮ್ಲ ಇರುತ್ತವೆ. ಬೆಳಕು ಅಳೆಯುವ ಯಂತ್ರ ಮಾತ್ರ ಪ್ರಯೋಗಾಲಯದ್ದೇ ಆಗಬೇಕು.

ಸ್ಯಾಂಡ್‌ವಿಚ್ ಎಂಬ ವಿಧಾನ ಹೆಚ್ಚು ಬಳಕೆಯದು. ಕುಳಿಯ ತಳಕ್ಕೆ ಮಯೊಸ್ಟಾಟಿನ್ ಹಿಡಿಯುವ ಪ್ರತಿಕಾಯವನ್ನು ಕಾರ್ಖಾನೆಯಲ್ಲೇ ಅಂಟಿಸಿರುತ್ತಾರೆ. ಹಂದಿಯ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ಹಾಕಿದಾಗ ಅದರಲ್ಲಿನ ಮಯೊಸ್ಟಾಟಿನ್ ಅಲ್ಲಿ ಸಿಕ್ಕಿಬೀಳುತ್ತದೆ, ಉಳಿದದ್ದನ್ನು ತೊಳೆದು ಚೆಲ್ಲುತ್ತಾರೆ. ನಂತರ ಅದೇ ಪ್ರೋಟೀನಿನ ಇನ್ನೊಂದು ಮಗ್ಗುಲನ್ನು ಹಿಡಿಯುವ ಎರಡನೇ ಪ್ರತಿಕಾಯ ಹಾಕುತ್ತಾರೆ. ಅದರ ಬೆನ್ನಿಗೆ ಮೂಲಂಗಿ ಜಾತಿಯ ಗಿಡವೊಂದರ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವ ಇರುತ್ತದೆ. ಈ ಕಿಣ್ವ ಟಿಎಂಬಿ ಎಂಬ ದ್ರಾವಣವನ್ನು ನೀಲಿ ಮಾಡುತ್ತದೆ. ಸಲ್ಫ್ಯೂರಿಕ್ ಆಮ್ಲ ಬಿದ್ದೊಡನೆ ನೀಲಿ ಹಳದಿಗೆ ತಿರುಗಿ ಅಲ್ಲಿಗೇ ನಿಲ್ಲುತ್ತದೆ. ಆ ಹಳದಿಯ ಗಾಢತೆಯನ್ನು 450 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತಾರೆ. ಹಳದಿ ಗಾಢವಾದಷ್ಟೂ ಪ್ರೋಟೀನು ಹೆಚ್ಚು.

ಸ್ಪರ್ಧೆಯ ವಿಧಾನದಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಮಾದರಿಯ ಮಯೊಸ್ಟಾಟಿನ್ ಮತ್ತು ಕಿಟ್ಟಿನದೇ ಮಯೊಸ್ಟಾಟಿನ್ ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಮಾದರಿಯಲ್ಲಿ ಪ್ರೋಟೀನು ಹೆಚ್ಚಿದ್ದಷ್ಟೂ ಬಣ್ಣ ತೆಳುವಾಗುತ್ತದೆ. ಜರ್ಮನಿಯ ಬೆನ್ಸ್‌ಹೈಮ್‌ನ ಇಮ್ಯುನ್‌ಡಯಗ್ನೊಸ್ಟಿಕ್ ಕಂಪನಿಯ ಮಯೊಸ್ಟಾಟಿನ್ ಕಿಟ್ ಈ ಬಗೆಯದು.

ಎಲೈಸಾಗಿಂತ ಮೊದಲು ಇಂಥ ಅಳತೆಗೆ ವಿಕಿರಣಶೀಲ ಅಯೋಡಿನ್ ಬೇಕಿತ್ತು. ನ್ಯೂಯಾರ್ಕಿನಲ್ಲಿ ರೊಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ಇನ್ಸುಲಿನ್ ಅಳೆಯಲು ರೂಪಿಸಿದ ಆ ವಿಧಾನಕ್ಕೆ ಯಾಲೊ 1977ರಲ್ಲಿ ನೊಬೆಲ್ ಪಡೆದರು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. 1971ರಲ್ಲಿ ಸ್ಟಾಕ್‌ಹೋಮ್‌ನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಹಾಗೆಯೇ ನೆದರ್‌ಲ್ಯಾಂಡ್ಸಿನ ಆರ್ಗನಾನ್ ಕಂಪನಿಯ ಇಬ್ಬರು, ಬೇರೆಬೇರೆಯಾಗಿ ವಿಕಿರಣದ ಜಾಗದಲ್ಲಿ ಕಿಣ್ವವನ್ನು ಕೂರಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದ ಮೇಲೆ ಕಿಟ್ ಉದ್ಯಮ ನಿಜವಾಗಿ ಹುಟ್ಟಿಕೊಂಡಿತು.

96 ಕುಳಿ ಎಂದರೆ 96 ಹಂದಿ ಎಂದಲ್ಲ. ಗೊತ್ತಾದ ಪ್ರಮಾಣಗಳ ರೇಖೆ ಎಳೆಯಲು ಸೊನ್ನೆಯೂ ಸೇರಿ ಎಂಟು ಮಟ್ಟಗಳನ್ನು ಜೋಡಿಜೋಡಿಯಾಗಿ ಇಟ್ಟರೆ 16 ಕುಳಿ ಹೋಯಿತು. ಉಳಿದ 80ರಲ್ಲಿ ಪ್ರತಿ ಹಂದಿಗೆ ಎರಡು ಕುಳಿಯಂತೆ 40 ಮಾದರಿ. ತಟ್ಟೆಯಿಂದ ತಟ್ಟೆಗೆ ಹೋಲಿಸಲು ಒಂದೆರಡು ಪರಿಚಿತ ಮಾದರಿಗಳನ್ನೂ ಸೇರಿಸಿದರೆ ಅದೂ ಇಲ್ಲ. ಆ ರೇಖೆ ನೆಟ್ಟಗಿರುವುದಿಲ್ಲ, ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿರುತ್ತದೆ. ಅದಕ್ಕೆ ನಾಲ್ಕು ಅಂಶಗಳ ಸಮೀಕರಣ ಹೊಂದಿಸುತ್ತಾರೆ. ಸ್ಕೇಲಿಟ್ಟು ನೇರ ಗೆರೆ ಎಳೆದು ಉತ್ತರ ಓದುವ ಅಭ್ಯಾಸ ಕೆಲವು ಕಡೆ ಉಳಿದಿದೆ. ರೇಖೆಯ ಎರಡೂ ತುದಿಗಳಲ್ಲಿ ಅದು ದಾರಿ ತಪ್ಪಿಸುತ್ತದೆ.

ಬಂಧಿತ ಮಯೊಸ್ಟಾಟಿನ್

ಹಂದಿಯ ಮಯೊಸ್ಟಾಟಿನ್ ಜೀನು 15ನೇ ವರ್ಣತಂತುವಿನಲ್ಲಿದೆ. ಅದು ಮೊದಲು 375 ಅಮೈನೊ ಆಮ್ಲಗಳ ಉದ್ದನೆಯ ಸರಪಳಿಯನ್ನು ತಯಾರಿಸುತ್ತದೆ. ಕೋಶದೊಳಗೆ ಫ್ಯೂರಿನ್ ಬಗೆಯ ಕಿಣ್ವ 266ನೇ ಕೊಂಡಿಯ ಬಳಿ ಅದನ್ನು ಕತ್ತರಿಸುತ್ತದೆ. ಬಾಲದ 109 ಕೊಂಡಿಗಳೇ ನಿಜವಾದ ಹಾರ್ಮೋನು. ಇಂಥ ಎರಡು ತುಂಡುಗಳು ಗಂಧಕದ ಸೇತುವೆಯಿಂದ ಜೋಡಿಯಾಗಿ ಸುಮಾರು 25 ಕಿಲೊಡಾಲ್ಟನ್ ತೂಕದ ಜೋಡಿಪ್ರೋಟೀನು ಆಗುತ್ತದೆ. ವಿಚಿತ್ರವೆಂದರೆ ಕತ್ತರಿಸಿ ಬಿದ್ದ ತಲೆಯ ಭಾಗ ಹೊರಟುಹೋಗುವುದಿಲ್ಲ. ಅದು ಬಾಲದ ಜೋಡಿಯನ್ನು ಅಪ್ಪಿ ಹಿಡಿದು ನಿಷ್ಕ್ರಿಯವಾಗಿ ಇಟ್ಟಿರುತ್ತದೆ. ರಕ್ತದಲ್ಲಿ ಹರಿಯುವ ಮಯೊಸ್ಟಾಟಿನ್‌ನ ಬಹುಪಾಲು ಈ ಬಿಗಿದ ರೂಪದ್ದು. ಬಿಎಂಪಿ-1 ಗುಂಪಿನ ಕಿಣ್ವಗಳು ತಲೆಯ ಭಾಗವನ್ನು 76ನೇ ಕೊಂಡಿಯ ಬಳಿ ತುಂಡರಿಸಿದಾಗ ಮಾತ್ರ ಹಾರ್ಮೋನು ಬಿಡುಗಡೆಯಾಗಿ ಸ್ನಾಯುಕೋಶದ ಗ್ರಾಹಕವನ್ನು ಮುಟ್ಟುತ್ತದೆ. ಇದಲ್ಲದೆ ಫಾಲಿಸ್ಟಾಟಿನ್, ಅದರ ಸೋದರ ಎಫ್‌ಎಸ್‌ಟಿಎಲ್-3, ಗ್ಯಾಸ್ಪ್-1 ಎಂಬ ಪ್ರೋಟೀನುಗಳೂ ಅದನ್ನು ಹಿಡಿದಿಡುತ್ತವೆ.

ಇದು ಕಿಟ್ ಮಾಡುವವನಿಗೆ ನೇರ ತಲೆನೋವು. ಬಾಲದ ಭಾಗವನ್ನು ಹಿಡಿಯುವ ಪ್ರತಿಕಾಯಕ್ಕೆ, ತಲೆಯ ಭಾಗ ಅಪ್ಪಿಕೊಂಡಿರುವಾಗ ಹಿಡಿಯಲು ಜಾಗ ಸಿಗದಿರಬಹುದು. ಆದ್ದರಿಂದ ಕೆಲವು ಕಿಟ್‌ಗಳಲ್ಲಿ ಮಾದರಿಯನ್ನು ಮೊದಲು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಕ್ಷಾರ ಹಾಕಿ ತಟಸ್ಥಗೊಳಿಸುವ ಹಂತವಿದೆ. ಆಮ್ಲ ಬಂಧನವನ್ನು ಬಿಡಿಸುತ್ತದೆ. ಅಮೆರಿಕದ ಆರ್ ಅಂಡ್ ಡಿ ಸಿಸ್ಟಮ್ಸ್ ಕಂಪನಿಯ ಬಹಳವಾಗಿ ಬಳಕೆಯಲ್ಲಿರುವ ಕ್ವಾಂಟಿಕೈನ್ ಕಿಟ್ ಈ ಕ್ರಮದ್ದು. ಇಂಥ ಕಿಟ್ ಕೊಡುವುದು ಒಟ್ಟು ಮಯೊಸ್ಟಾಟಿನ್‌ನ ಲೆಕ್ಕ. ಆಮ್ಲದ ಹಂತ ಇಲ್ಲದ ಕಿಟ್ ಪ್ರತಿಕಾಯಕ್ಕೆ ಎಟುಕಿದ್ದನ್ನಷ್ಟೇ ಎಣಿಸುತ್ತದೆ. ಅದು ಬಿಡಿ ಹಾರ್ಮೋನೇ, ಅರೆಬಂಧಿತವೇ, ಅಥವಾ ತಲೆಯ ಭಾಗವೇ ಎಂಬುದು ಪ್ರತಿಕಾಯವನ್ನು ಪ್ರೋಟೀನಿನ ಯಾವ ತುಂಡಿನಿಂದ ಬೆಳೆಸಿದರು ಎಂಬುದರ ಮೇಲೆ ನಿಂತಿದೆ. ಆ ವಿವರವನ್ನು ಎಷ್ಟೋ ಕೈಪಿಡಿಗಳು ಹೇಳುವುದೇ ಇಲ್ಲ. ಕಿಟ್ ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದೇ, ಬೆಲೆ ಎರಡನೆಯದು.

ಒಟ್ಟು ಪ್ರಮಾಣ ಮತ್ತು ಕೆಲಸ ಮಾಡುವ ಪ್ರಮಾಣ ಎಷ್ಟು ಬೇರೆಯಾಗಬಲ್ಲವು ಎಂಬುದಕ್ಕೆ ಮನುಷ್ಯರ ಚಿಕಿತ್ಸೆಯಿಂದ ಒಂದು ನಿದರ್ಶನ ಸಿಗುತ್ತದೆ. ಸ್ನಾಯು ಕ್ಷಯಿಸುವ ಕಾಯಿಲೆಗಳಿಗೆಂದು ಮಯೊಸ್ಟಾಟಿನನ್ನು ಕಟ್ಟಿಹಾಕುವ ಪ್ರತಿಕಾಯ ಔಷಧಗಳನ್ನು ಪರೀಕ್ಷಿಸಲಾಯಿತು. ಫೈಜರ್‌ನ ಡೊಮಾಗ್ರೊಜುಮಾಬ್ ಅಂಥದೊಂದು. ಡುಶೆನ್ ಎಂಬ ಸ್ನಾಯುಕ್ಷಯ ಕಾಯಿಲೆಯಲ್ಲಿ ಫಲ ಕಾಣದೆ 2018ರಲ್ಲಿ ಅದನ್ನು ನಿಲ್ಲಿಸಿದರು. ಇಂಥ ಔಷಧ ತೆಗೆದುಕೊಂಡವರ ರಕ್ತದಲ್ಲಿ ಒಟ್ಟು ಮಯೊಸ್ಟಾಟಿನ್ ಇಳಿಯಲಿಲ್ಲ, ಏರಿತು. ಔಷಧಕ್ಕೆ ಅಂಟಿದ ಹಾರ್ಮೋನು ಬೇಗ ವಿಸರ್ಜನೆಯಾಗದೆ ರಕ್ತದಲ್ಲೇ ಶೇಖರವಾಗುತ್ತದೆ, ಅದನ್ನೂ ಕಿಟ್ ಎಣಿಸುತ್ತದೆ. ಹಾರ್ಮೋನಿನ ಕೈಕಟ್ಟಿದ ಮೇಲೂ ಸಂಖ್ಯೆ ಹಲವು ಪಟ್ಟಾಗಬಹುದು. ಲಸಿಕೆಯಿಂದಲೋ ಆಹಾರದಿಂದಲೋ ಹಂದಿಯ ಮಯೊಸ್ಟಾಟಿನ್ ತಗ್ಗಿಸಲು ಹೊರಡುವವರು ಇದನ್ನು ನೆನಪಿಟ್ಟುಕೊಂಡರೆ ಒಳಿತು.

ಹಂದಿಗೆಂದೇ ಮಾಡಿದ ಕಿಟ್

ಮಾರುಕಟ್ಟೆಯಲ್ಲಿ ಹಂದಿಯ ಚಿತ್ರವಿರುವ ಮಯೊಸ್ಟಾಟಿನ್ ಕಿಟ್‌ಗಳು ಅನೇಕ ಇವೆ. ಅಮೆರಿಕ ಮತ್ತು ಚೀನಾದ ಕಂಪನಿಗಳ ಪಟ್ಟಿಗಳಲ್ಲಿ ಇಲಿ, ದನ, ಕೋಳಿ, ಹಂದಿ ಎಂದು ಸಾಲಾಗಿ ಬರುತ್ತವೆ. ಇಲ್ಲೊಂದು ತಮಾಷೆ ಇದೆ. ಮ್ಯಾಕ್‌ಫೆರಾನ್ ಮತ್ತು ಲೀ 1997ರಲ್ಲೇ ತೋರಿಸಿದಂತೆ ಮಯೊಸ್ಟಾಟಿನ್‌ನ ಕೊನೆಯ 109 ಕೊಂಡಿಗಳು ಮನುಷ್ಯ, ಇಲಿ, ಹಂದಿ, ಕೋಳಿ, ಟರ್ಕಿ ಎಲ್ಲದರಲ್ಲೂ ಒಂದೇ. ಒಂದು ಕೊಂಡಿಯೂ ಬೇರೆಯಲ್ಲ. ಹಾಗಿರುವಾಗ ಆ ಭಾಗವನ್ನು ಹಿಡಿಯುವ ಕಿಟ್ಟಿಗೆ ಹಂದಿಯ ಹೆಸರು ಹಚ್ಚುವುದು ತಪ್ಪಲ್ಲ, ಆದರೆ ವಿಶೇಷವೂ ಅಲ್ಲ. ಮನುಷ್ಯನ ಕಿಟ್ಟೇ ಹಂದಿಗೂ ನಡೆಯಬೇಕು, ನಡೆಯುತ್ತದೆ ಕೂಡ. ಜಾತಿಯಿಂದ ಜಾತಿಗೆ ಬದಲಾಗುವುದು ತಲೆಯ ಭಾಗ. ಅದನ್ನು ಗುರಿ ಮಾಡಿದ ಕಿಟ್ಟಿಗೆ ಮಾತ್ರ ಜಾತಿಯ ಹೆಸರಿನಿಂದ ಅರ್ಥ ಬರುತ್ತದೆ. ಇನ್ನು ರಕ್ತದ ಉಳಿದ ಪ್ರೋಟೀನುಗಳು, ಕೊಬ್ಬು, ಬಣ್ಣ ಜಾತಿಯಿಂದ ಜಾತಿಗೆ ಬೇರೆ. ಹಾಗಾಗಿ ಮನುಷ್ಯನ ಸೀರಮಿನಲ್ಲಿ ಸರಿ ಕೆಲಸ ಮಾಡಿದ ಕಿಟ್ಟನ್ನು ಹಂದಿಯ ಸೀರಮಿನಲ್ಲಿ ಮತ್ತೆ ಪರೀಕ್ಷಿಸಿಯೇ ನಂಬಬೇಕು.

ಈ ಏಕರೂಪತೆ ಪ್ರತಿಕಾಯ ತಯಾರಿಕೆಗೂ ಅಡ್ಡಿ. ಪ್ರತಿಕಾಯ ಬೇಕೆಂದರೆ ಇಲಿಗೋ ಮೊಲಕ್ಕೋ ಆ ಪ್ರೋಟೀನು ಚುಚ್ಚಿ, ಅದು ಪರಕೀಯ ಎಂದು ಆ ಪ್ರಾಣಿ ತಿರುಗಿಬೀಳುವಂತೆ ಮಾಡಬೇಕು. ಇಲಿಯ ಮೈಯಲ್ಲಿ ಅದೇ ಪ್ರೋಟೀನು ಹುಟ್ಟಿನಿಂದ ಇರುವಾಗ ಅದರ ರಕ್ಷಣಾ ವ್ಯವಸ್ಥೆ ಸುಲಭವಾಗಿ ಕೆರಳುವುದಿಲ್ಲ. ಒಳ್ಳೆಯ ಪ್ರತಿಕಾಯ ಬೇಕಾದವರು ಮಯೊಸ್ಟಾಟಿನ್ ಜೀನೇ ಇಲ್ಲದ ಇಲಿಗಳಿಗೆ ಚುಚ್ಚಿ ಪಡೆದದ್ದುಂಟು. ಅಷ್ಟು ಶ್ರಮ ಎಲ್ಲ ಕಿಟ್‌ಗಳ ಹಿಂದೆಯೂ ಇರುತ್ತದೆಂದು ಎಣಿಸಬೇಕಾಗಿಲ್ಲ.

ಹೋಲಿಕೆಯ ಗೊಂದಲ

ಜಿಡಿಎಫ್-11 ಎಂಬ ಪ್ರೋಟೀನು ಮಯೊಸ್ಟಾಟಿನ್‌ಗೆ ಅತಿ ಹತ್ತಿರದ ಬಂಧು. ಕೆಲಸ ಮಾಡುವ ಭಾಗದಲ್ಲಿ ಇವೆರಡರ ಹೋಲಿಕೆ ಸುಮಾರು 90%. ಒಂದನ್ನು ಹಿಡಿಯಲು ಹೊರಟ ಪ್ರತಿಕಾಯ ಇನ್ನೊಂದನ್ನೂ ಹಿಡಿದರೆ ಆಶ್ಚರ್ಯವಿಲ್ಲ. ಇದು ಬರೀ ಸಾಧ್ಯತೆಯಲ್ಲ, ದೊಡ್ಡ ವಿವಾದವಾಗಿ ನಡೆದುಹೋದ ಸಂಗತಿ. 2013ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಲೀ ಮತ್ತು ಏಮಿ ವೇಜರ್ಸ್ ತಂಡ, ವಯಸ್ಸಾದಂತೆ ಇಲಿಗಳ ರಕ್ತದಲ್ಲಿ ಜಿಡಿಎಫ್-11 ಕಡಿಮೆಯಾಗುತ್ತದೆ, ಅದನ್ನು ಮತ್ತೆ ತುಂಬಿದರೆ ಮುದಿ ಹೃದಯದ ದಪ್ಪ ತಗ್ಗುತ್ತದೆ ಎಂದು ಪ್ರಕಟಿಸಿತು. ಯೌವನ ಮರಳಿಸುವ ಪ್ರೋಟೀನು ಎಂದು ಪತ್ರಿಕೆಗಳು ಸಂಭ್ರಮಿಸಿದವು. 2015ರಲ್ಲಿ ನೊವಾರ್ಟಿಸ್‌ನ ಡೇವಿಡ್ ಗ್ಲಾಸ್ ತಂಡ ಆ ಅಳತೆಗೆ ಬಳಸಿದ ಸಾಮಗ್ರಿ ಜಿಡಿಎಫ್-11 ಜೊತೆಗೆ ಮಯೊಸ್ಟಾಟಿನನ್ನೂ ಹಿಡಿಯುತ್ತದೆ ಎಂದು ತೋರಿಸಿತು. ವಾದ ಅಲ್ಲಿಗೆ ಮುಗಿಯಲಿಲ್ಲ, ಎರಡೂ ಕಡೆಯವರು ವರ್ಷಗಟ್ಟಲೆ ಉತ್ತರ ಪ್ರತ್ಯುತ್ತರ ಬರೆದರು. ಆದರೆ ಇವೆರಡನ್ನು ಬೇರ್ಪಡಿಸಲಾರದ ಅಳತೆಯ ಮೇಲೆ ಸಿದ್ಧಾಂತ ಕಟ್ಟಬಾರದು ಎಂಬುದು ಸ್ಥಿರವಾಯಿತು.

ಸ್ನಾಯು ಪ್ರೋಟೀನುಗಳ ಲೋಕದಲ್ಲಿ ಇಂಥ ಎಡವಟ್ಟು ಇದೊಂದೇ ಅಲ್ಲ. ವ್ಯಾಯಾಮದಿಂದ ಸ್ನಾಯು ಹೊರಬಿಡುತ್ತದೆ ಎಂದು 2012ರಲ್ಲಿ ಹೆಸರಾದ ಐರಿಸಿನ್ ವಿಷಯದಲ್ಲಿ, ಜರ್ಮನಿಯ ಡುಮ್ಮರ್‌ಸ್ಟಾರ್ಫ್‌ನ ಸಾಕುಪ್ರಾಣಿ ಜೀವಶಾಸ್ತ್ರ ಸಂಸ್ಥೆಯವರೂ ಸೇರಿದ ತಂಡ 2015ರಲ್ಲಿ ಬಳಕೆಯಲ್ಲಿದ್ದ ಕಿಟ್‌ಗಳ ಪ್ರತಿಕಾಯಗಳನ್ನು ಪರೀಕ್ಷಿಸಿತು. ಅವು ರಕ್ತದ ಬೇರೆ ಪ್ರೋಟೀನುಗಳಿಗೂ ಅಂಟುತ್ತಿದ್ದವು. ಸ್ನಾಯುವಿಗೆ ಸಂಬಂಧವಿಲ್ಲದಿದ್ದರೂ ಟೊರೊಂಟೊದ ಇನ್ನೊಂದು ಪ್ರಕರಣ ಇಲ್ಲಿ ಹೇಳಬೇಕು: ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಸೂಚಕವಾಗಬಹುದೆಂದು ಒಂದು ಪ್ರೋಟೀನನ್ನು ಎರಡು ವರ್ಷ ಬೆನ್ನಟ್ಟಿದ ಸಂಶೋಧಕರು, ಕೊಂಡುತಂದ ಕಿಟ್ ಅಳೆಯುತ್ತಿದ್ದುದು ಪೂರ್ತಿ ಬೇರೆಯೇ ಆದ ಸಿಎ-125 ಪ್ರೋಟೀನನ್ನು ಎಂಬುದನ್ನು ಕಂಡು ಅದನ್ನೇ ಪ್ರಬಂಧವಾಗಿ ಪ್ರಕಟಿಸಿದರು.

ಆದ್ದರಿಂದ ಎಚ್ಚರದ ಪ್ರಯೋಗಾಲಯ ಕಿಟ್ ಬಂದೊಡನೆ ಹಂದಿಗಳ ರಕ್ತ ಸುರಿಯುವುದಿಲ್ಲ. ಮೊದಲು ಒಂದು ಸೀರಮನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುವಾಗಿಸಿ ಉತ್ತರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಯೇ ಎಂದು ನೋಡುತ್ತದೆ. ಇಳಿಯದಿದ್ದರೆ ಕುಳಿಯಲ್ಲಿ ಬಣ್ಣ ಕೊಡುತ್ತಿರುವುದು ಬೇರೇನೋ. ಗೊತ್ತಾದಷ್ಟು ಶುದ್ಧ ಮಯೊಸ್ಟಾಟಿನ್ ಬೆರೆಸಿ ಅದು ಪೂರ್ತಿ ವಾಪಸು ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. 80%ರಿಂದ 120%ರವರೆಗೆ ಬಂದರೆ ಒಪ್ಪಿತ. ಜಿಡಿಎಫ್-11 ಒಂದನ್ನೇ ಹಾಕಿ ಕುಳಿಗೆ ಬಣ್ಣ ಬರುತ್ತದೆಯೇ ಎಂದೂ ನೋಡಬೇಕು. ಎಲ್ಲಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಜೀನ್ ಕೆಡಿಸಿದ ಹಂದಿಯದೇ ರಕ್ತ. ಪ್ರೋಟೀನೇ ಇಲ್ಲದ ಆ ರಕ್ತದಲ್ಲಿ ಕಿಟ್ ಏನಾದರೂ ಅಳೆದರೆ ಅದರ ಬಗ್ಗೆ ಇನ್ನೇನೂ ಹೇಳಬೇಕಿಲ್ಲ. ಅಂಥ ಹಂದಿ ಎಲ್ಲರ ಹಟ್ಟಿಯಲ್ಲೂ ಇರುವುದಿಲ್ಲ ಎಂಬುದೇ ಕಷ್ಟ.

ಮಾದರಿ ತೆಗೆಯುವ ವಿಷಯ ಚುಟುಕಾಗಿ ಹೇಳಬಹುದು. ಹಂದಿಯ ಕತ್ತಿನ ದೊಡ್ಡ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟಿಸಿ ಸೀರಮ್ ಬೇರ್ಪಡಿಸಿ, ಸಣ್ಣ ಸಣ್ಣ ಪಾಲುಗಳಾಗಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಡುತ್ತಾರೆ. ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಬಾರದು. ಕೆಂಪುಕಣ ಒಡೆದು ಸೀರಮ್ ಕೆಂಪಾಗಿದ್ದರೆ ಬಿಟ್ಟುಬಿಡುವುದು ಲೇಸು. ಸ್ನಾಯುವನ್ನು ಅರೆದು ಅಳೆಯುವಾಗ ಉತ್ತರವನ್ನು ಒಟ್ಟು ಪ್ರೋಟೀನಿಗೆ ಇಷ್ಟು ಎಂದು ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಕೊಬ್ಬು ಹೆಚ್ಚಿರುವ ಮಾದರಿ ಸುಮ್ಮನೆ ಕಡಿಮೆ ತೋರಿಸುತ್ತದೆ.

ಆಸ್ಟ್ರೇಲಿಯದ ಐಜಿಎಫ್-1 ಕಿಟ್

ಮಯೊಸ್ಟಾಟಿನ್ ಸ್ನಾಯುವನ್ನು ತಡೆದರೆ, ಅದನ್ನು ಬೆಳೆಸುವ ಕಡೆಯ ಪ್ರೋಟೀನುಗಳಲ್ಲಿ ಐಜಿಎಫ್-1 ಮುಖ್ಯವಾದದ್ದು. ಹಂದಿಯಲ್ಲಿ ಪ್ರಯೋಗಾಲಯ ದಾಟಿ ತಳಿ ಆಯ್ಕೆಯ ಕೆಲಸಕ್ಕೆ ಇಳಿದ ಕಿಟ್ ಇದರದು. ಆಸ್ಟ್ರೇಲಿಯದ ಪ್ರೈಮ್‌ಗ್ರೋ ಕಂಪನಿ ಹಂದಿಮರಿಗಳಿಗಾಗಿ ಐಜಿಎಫ್-1 ಎಲೈಸಾ ತಂದಿತು. ತಾಯಿಯ ಹಾಲು ಬಿಡಿಸುವ ಆಸುಪಾಸಿನಲ್ಲಿ ಮರಿಯ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳಿಸಿದರೆ ಸಾಕಿತ್ತು. ಹಂದಿ ಬಲಿತು ತೂಕಕ್ಕೆ ಬರುವವರೆಗೆ ಕಾಯದೆ, ಅದು ತಿಂದ ಮೇವು ತೂಗದೆ ಅದರ ಯೋಗ್ಯತೆ ಅಂದಾಜು ಮಾಡುವುದು ಉದ್ದೇಶ. ಆರ್ಮಿಡೇಲ್‌ನ ಪ್ರಾಣಿ ತಳಿವಿಜ್ಞಾನ ಘಟಕದ ಕಿಮ್ ಬಂಟರ್, ಸುಸಾನ್ ಹರ್ಮೆಶ್ ಮೊದಲಾದವರು 2005ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದರು.

ಫಲಿತಾಂಶ ಮೊದಲ ನೋಟಕ್ಕೆ ಬೆಪ್ಪಾಗಿಸುತ್ತದೆ. ಬೆಳವಣಿಗೆಯ ಅಂಶ ಹೆಚ್ಚಿರುವ ಮರಿಯನ್ನು ಆರಿಸಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ವಂಶದ ಲೆಕ್ಕದಲ್ಲಿ ಐಜಿಎಫ್-1 ಹೆಚ್ಚಿದ್ದ ಮರಿಗಳಿಗೆ ಮುಂದೆ ಬೆನ್ನಿನ ಕೊಬ್ಬು ಹೆಚ್ಚು, ಒಂದು ಕಿಲೊ ತೂಕಕ್ಕೆ ಬೇಕಾದ ಮೇವೂ ಹೆಚ್ಚು. ಹೀಗಾಗಿ ತಳಿಗಾರರು ಕಡಿಮೆ ಐಜಿಎಫ್-1 ಇರುವುದನ್ನು ಆರಿಸಿದರು. ಅದೇ ಆಸ್ಟ್ರೇಲಿಯದಲ್ಲಿ ಹಂದಿಯ ಬೆಳವಣಿಗೆಯ ಹಾರ್ಮೋನನ್ನು ಚುಚ್ಚುವುದಕ್ಕೂ ಅನುಮತಿ ಇತ್ತು. ಆ ಚುಚ್ಚುಮದ್ದು ಕೊಟ್ಟರೆ ಐಜಿಎಫ್-1 ಏರುತ್ತದೆ, ಕೊಬ್ಬು ಇಳಿಯುತ್ತದೆ. ಹೊರಗಿನಿಂದ ಏರಿಸಿದಾಗ ಒಂದು ದಿಕ್ಕು, ವಂಶದಿಂದ ಬಂದಾಗ ಇನ್ನೊಂದು ದಿಕ್ಕು. ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಡಿಮೆ ಮೇವಿನಲ್ಲಿ ಬೆಳೆಯುವಂತೆ ಆರಿಸಿದ ಯಾರ್ಕ್‌ಷೈರ್ ಹಂದಿಗಳ ಮರಿಗಳಲ್ಲೂ ಐಜಿಎಫ್-1 ಕಡಿಮೆ ಇದ್ದುದು 2010ರಲ್ಲಿ ವರದಿಯಾಯಿತು, ಆಸ್ಟ್ರೇಲಿಯದವರ ಮಾತಿಗೆ ಬಲ ಬಂತು. ಮರಿಗೆ ಕಾಯಿಲೆ ಬಂದರೂ, ಮೇವು ತಪ್ಪಿದರೂ ಐಜಿಎಫ್-1 ಇಳಿಯುವುದರಿಂದ ಒಂದೇ ಕೊಟ್ಟಿಗೆಯ, ಒಂದೇ ವಯಸ್ಸಿನ ಮರಿಗಳ ನಡುವೆ ಮಾತ್ರ ಹೋಲಿಕೆ ನ್ಯಾಯ. ಐಜಿಎಫ್-1 ಕೂಡ ರಕ್ತದಲ್ಲಿ ಒಂಟಿಯಲ್ಲ, ತನ್ನದೇ ಬಂಧಕ ಪ್ರೋಟೀನುಗಳೊಂದಿಗೆ ಸುಮಾರು 150 ಕಿಲೊಡಾಲ್ಟನ್‌ನ ಗಂಟಾಗಿ ತಿರುಗುತ್ತದೆ. ಇಲ್ಲಿಯೂ ಆಮ್ಲ ಹಾಕಿ ಗಂಟು ಬಿಡಿಸಿದ ಮೇಲೆಯೇ ಅಳತೆ.

ಮಯೊಸ್ಟಾಟಿನ್ ಕಿಟ್ ಈ ಹಾದಿ ಹಿಡಿದಿಲ್ಲ. ಹಿಡಿಯುವುದೂ ಸುಲಭವಲ್ಲ ಎನ್ನಬೇಕು. ರಕ್ತದ ಮಯೊಸ್ಟಾಟಿನ್ ಬಂದಿರುವುದು ಸ್ನಾಯುವಿನಿಂದ. ಹೆಚ್ಚು ಸ್ನಾಯು ಇರುವ ಹಂದಿ ಹೆಚ್ಚು ಮಯೊಸ್ಟಾಟಿನ್ ಬಿಡುವುದೂ ಸಾಧ್ಯ. ಆಗ ರಕ್ತದ ಸಂಖ್ಯೆ ಹೆಚ್ಚಿದ್ದರೆ ಅದು ಬೆಳವಣಿಗೆ ತಗ್ಗಿದ ಗುರುತೋ, ಮಾಂಸ ತುಂಬಿದ ಗುರುತೋ ಒಂದೇ ಮಾಪನದಿಂದ ಹೇಳಲಾಗದು.

ಬೇರೆ ವಿಧಾನಗಳು

ಎಲೈಸಾ ಬಗ್ಗೆ ಅನುಮಾನ ಬಂದಾಗ ಮೊರೆ ಹೋಗುವುದು ದ್ರವ್ಯರಾಶಿ ರೋಹಿತಮಾಪನಕ್ಕೆ. ಪ್ರೋಟೀನನ್ನು ಟ್ರಿಪ್ಸಿನ್‌ನಿಂದ ತುಂಡರಿಸಿ, ಜಿಡಿಎಫ್-11ರಲ್ಲಿ ಇಲ್ಲದೆ ಮಯೊಸ್ಟಾಟಿನ್‌ನಲ್ಲಿ ಮಾತ್ರ ಇರುವ ತುಣುಕನ್ನು ತೂಕದಿಂದ ಗುರುತಿಸುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ 2015ರಲ್ಲಿ ಮನುಷ್ಯರ ರಕ್ತಕ್ಕೆ ಈ ದಾರಿ ತೋರಿಸಿತು. ಆ ಭಾಗ ಹಂದಿಯಲ್ಲೂ ಅದೇ ಆದ್ದರಿಂದ ತತ್ತ್ವ ಹಂದಿಗೂ ಹೊಂದುತ್ತದೆ. ಯಂತ್ರದ ಬೆಲೆ ಮಾತ್ರ ಎಲ್ಲರಿಗೂ ಹೊಂದುವುದಿಲ್ಲ. ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕಾದವರು, ಮಯೊಸ್ಟಾಟಿನ್ ಸಂಕೇತ ಮುಟ್ಟಿದೊಡನೆ ಮಿಂಚುಹುಳದ ಲೂಸಿಫೆರೇಸ್ ಕಿಣ್ವದಿಂದ ಬೆಳಕು ಚೆಲ್ಲುವಂತೆ ಮಾಡಿದ ಕೋಶಗಳನ್ನು ಬಳಸುತ್ತಾರೆ. ಅದೂ ದೋಷಮುಕ್ತವಲ್ಲ, ಆಕ್ಟಿವಿನ್, ಜಿಡಿಎಫ್-11 ಇದ್ದರೂ ಆ ಕೋಶಗಳು ಬೆಳಗುತ್ತವೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್ ಪ್ರಮಾಣ ಹೇಳುವುದರಲ್ಲಿ ಹಿಂದೆ, ಆದರೆ ಯಾವ ತೂಕದ ರೂಪ ಇದೆ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ. ಕಿಟ್ಟಿನ ಸಂಖ್ಯೆಯ ಜೊತೆ ಒಂದು ಬ್ಲಾಟ್ ಇಟ್ಟಿರುವ ಪ್ರಬಂಧ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಭಾರತದಲ್ಲಿ

2019ರ ಜಾನುವಾರು ಗಣತಿಯಲ್ಲಿ ಭಾರತದ ಹಂದಿಗಳ ಸಂಖ್ಯೆ ಸುಮಾರು 90.6 ಲಕ್ಷ, ಹಿಂದಿನ ಗಣತಿಗಿಂತ 12% ಕಡಿಮೆ. ಹೆಚ್ಚು ಹಂದಿಗಳಿರುವುದು ಅಸ್ಸಾಂನಲ್ಲಿ, ಹಂದಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದೂ ಅಲ್ಲಿನ ಗುವಾಹಟಿಯ ಬಳಿಯ ರಾಣಿಯಲ್ಲಿ. ಘುಂಗ್ರೂ ಮತ್ತು ಹ್ಯಾಂಪ್‌ಷೈರ್ ಬೆರೆಸಿ ಆ ಕೇಂದ್ರ ರೂಪಿಸಿದ ‘ರಾಣಿ’ ಹಂದಿಗೆ ಹೆಸರು ಬಂದಿರುವುದು ಆ ಊರಿನಿಂದ. ಇಲ್ಲಿನ ಪಶುವೈದ್ಯ ಪ್ರಯೋಗಾಲಯಗಳಲ್ಲಿ ಎಲೈಸಾ ತಟ್ಟೆ ಅಪರಿಚಿತವೇನಲ್ಲ, ಆದರೆ ಅದರ ಮೇಲೆ ಹೆಚ್ಚಾಗಿ ಬೀಳುವುದು ಹಂದಿಜ್ವರ, ಬ್ರೂಸೆಲ್ಲೋಸಿಸ್ ಮೊದಲಾದ ರೋಗಗಳ ಪರೀಕ್ಷೆ. ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಜಾನುವಾರುಗಳ ಬ್ರೂಸೆಲ್ಲೋಸಿಸ್‌ಗೆ ಎಲೈಸಾ ಕಿಟ್‌ಗಳನ್ನು ತಾನೇ ಅಭಿವೃದ್ಧಿಪಡಿಸಿದೆ. ರೋಗದ ಕಿಟ್ ‘ಇದೆ’ ಅಥವಾ ‘ಇಲ್ಲ’ ಎಂದರೆ ಕೆಲಸವಾಗುತ್ತದೆ. ಮಯೊಸ್ಟಾಟಿನ್ ಎಲ್ಲ ಹಂದಿಯಲ್ಲೂ ಇರುವಂಥದು. ಅಲ್ಲಿ ಮಿಲಿಲೀಟರಿಗೆ ಎಷ್ಟು ನ್ಯಾನೊಗ್ರಾಂ, ಯಾವ ರೂಪದಲ್ಲಿ ಎಂದು ಹೇಳಬೇಕು. ಒಂದೇ ತಟ್ಟೆ, ಒಂದೇ ಬಣ್ಣವಾದರೂ ಎರಡನೆಯ ಕಿಟ್ ಕೇಳುವ ತಯಾರಿ ಮೊದಲನೆಯದಕ್ಕಿಂತ ಬಹಳ ಹೆಚ್ಚು.